ಕೂಲರ್ ತಂಪು ಕೊಡದಿದ್ದರೆ ಮೊದಲು ಬಾಗಿಲು ನೋಡಿ: ಕಲಬುರಗಿ ಬಿಸಿಲಿಗೆ ಕೂಲರ್ ಸಜ್ಜು ಮಾಡುವ ಬಗೆ

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ಯಾರ ಮನೆಗೆ ಹೋದರೂ ಕೇಳುವ ಮಾತು ಎರಡು. "ಈ ಸಲ ಬಿಸಿಲು ಭಾಳ ಜಬರದಸ್ತ್ ಅದ ನೋಡ್ರಿ" ಅನ್ನುವುದು ಒಂದು. "ಕೂಲರ್ ಹಚ್ಚೀವಿ, ಆದ್ರೂ ಧಗಿ ಹೋಗವಲ್ದು" ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಯಾರ ಹತ್ತಿರವೂ ಮದ್ದಿಲ್ಲ. ಸರಕಾರವೂ ಬೇಸಿಗೆಯಲ್ಲಿ ಈ ಭಾಗದ ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚಿಸಿ ಸುಮ್ಮನಾಗುತ್ತದೆ. ಎರಡನೆಯದಕ್ಕೆ ಮದ್ದಿದೆ. ಅದರಲ್ಲಿ ಅರ್ಧ ಮದ್ದಿಗೆ ರೊಕ್ಕವೂ ಬೇಕಿಲ್ಲ.

ಕೆಲಸಕ್ಕೆ ಕೈಹಾಕಲು ಒಳ್ಳೆಯ ಹೊತ್ತು ಶಿವರಾತ್ರಿಗೂ ಹೋಳಿ ಹುಣ್ಣಿಮೆಗೂ ನಡುವಿನ ದಿನಗಳು. ಶರಣಬಸವೇಶ್ವರ ಜಾತ್ರೆ ಮುಗಿಯುವ ಹೊತ್ತಿಗೆ ಎಲ್ಲರಿಗೂ ಒಮ್ಮೆಲೇ ಕೂಲರ್ ನೆನಪಾಗುತ್ತದೆ. ಆಗ ಘಾಸ್, ಅಂದರೆ ಕೂಲರಿನ ಜಾಳಿಗೆ ತುಂಬಿ ನೀರಲ್ಲಿ ತೋಯಿಸುವ ಎಳೆಗಳ ಪದರ, ಕಟ್ಟುವವರು ಸಿಗುವುದಿಲ್ಲ, ಮೋಟಾರ್ ರಿಪೇರಿಯವರು "ನಾಳೆ ಬರ್ರಿ" ಎಂದು ವಾರಗಟ್ಟಲೆ ತಿರುಗಾಡಿಸುತ್ತಾರೆ.

ಎಷ್ಟು ತಂಪು ಕೇಳಬಹುದು

ಕೂಲರಿನ ಒಳಗೆ ನಡೆಯುವುದು ಮಣ್ಣಿನ ಹರವಿಯಲ್ಲಿ ನಡೆಯುವ ಸಂಗತಿಯೇ. ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಹವಾ ಎಷ್ಟು ಒಣಗಿದೆಯೋ ಅಷ್ಟು ಹೆಚ್ಚು ನೀರು ಆವಿಯಾಗುತ್ತದೆ, ಅಷ್ಟು ಹೆಚ್ಚು ತಂಪು. ಹೊರಗೆ 42 ಡಿಗ್ರಿ ಬಿಸಿಲಿದ್ದು ಗಾಳಿಯ ತೇವಾಂಶ ಶೇ 20ರ ಆಸುಪಾಸು ಇದ್ದರೆ, ಚೆನ್ನಾಗಿ ಕಟ್ಟಿದ ಕೂಲರಿನ ಬಾಯಿಂದ ಬರುವ ಗಾಳಿ 28–29 ಡಿಗ್ರಿಗೆ ಇಳಿಯುತ್ತದೆ. ಹೆಚ್ಚುಕಡಿಮೆ 13 ಡಿಗ್ರಿ ಫರಕ್. ಇದೇ ಕೂಲರನ್ನು ಜೂನ್ ನಡುವಿನಲ್ಲಿ, 34 ಡಿಗ್ರಿ ಶಾಖ, ಶೇ 60 ತೇವಾಂಶ ಇರುವಾಗ ಹಚ್ಚಿ ನೋಡಿ: ಐದು ಡಿಗ್ರಿಯೂ ಇಳಿಯುವುದು ಕಷ್ಟ, ಮೇಲೆ ಮೈಯೆಲ್ಲ ಅಂಟಂಟು. ಕೂಲರ್ ಕೆಟ್ಟಿಲ್ಲ, ಹವಾ ಬದಲಾಗಿದೆ. ಮಂಗಳೂರಿನ ನೆಂಟರು "ಕೂಲರ್ ಅಂದ್ರೆ ದಂಡ" ಎಂದು ಮೂಗು ಮುರಿದರೆ ಅವರ ಊರಿನ ಮಟ್ಟಿಗೆ ಅದು ಸರಿಯೇ. ನಮ್ಮ ಒಣ ಬಿಸಿಲು ಕೂಲರಿಗೆಂದೇ ಹೇಳಿ ಮಾಡಿಸಿದ್ದು. ಬೀದರ್ ಎತ್ತರದ ದಿಬ್ಬದ ಮೇಲಿರುವುದರಿಂದ ಅಲ್ಲಿನವರಿಗೆ ಒಂದೆರಡು ಡಿಗ್ರಿ ಮೊದಲೇ ಸಡಿಲ. ಯಾದಗಿರಿಯವರಿಗೆ ಆ ಪುಣ್ಯವೂ ಇಲ್ಲ.

ಈ ಲೆಕ್ಕದಿಂದ ಒಂದು ಸುಲಭ ಪರೀಕ್ಷೆ ಹುಟ್ಟುತ್ತದೆ. ದೊಡ್ಡ ತಗಡಿನ ಕೂಲರ್ ಮಟಮಟ ಮಧ್ಯಾಹ್ನ ಪೂರ್ತಿ ವೇಗದಲ್ಲಿ ಓಡುವಾಗ ತಾಸಿಗೆ 15ರಿಂದ 20 ಲೀಟರ್ ನೀರು ಕುಡಿಯುತ್ತದೆ. 60 ಲೀಟರಿನ ಟಾಕಿ ಮೂರು-ನಾಲ್ಕು ತಾಸಿಗೆ ತಳ ಕಾಣುತ್ತದೆ. "ನಮ್ಮ ಕೂಲರ್ ಛಲೋ ಅದ, ಒಮ್ಮೆ ನೀರು ತುಂಬಿದ್ರ ದಿನಪೂರ್ತಿ ಬರ್ತದ" ಎಂದು ಯಾರಾದರೂ ಹೆಮ್ಮೆಪಟ್ಟರೆ ಅಲ್ಲಿ ಏನೋ ಎಡವಟ್ಟಾಗಿದೆ ಎಂದು ತಿಳಿಯಿರಿ. ನೀರು ಖರ್ಚಾಗಿಲ್ಲ ಅಂದರೆ ತಂಪೂ ಹುಟ್ಟಿಲ್ಲ. ಘಾಸ್ ತೊಯ್ದಿಲ್ಲ, ಇಲ್ಲವೇ ಗಾಳಿ ಹರಿದಿಲ್ಲ.

ಟಾಕಿಗೆ ಬರ್ಫ್ ಹಾಕುವವರಿಗೂ ಇದೇ ಲೆಕ್ಕ ಸಾಕು. ಐದು ಕಿಲೋ ಬರ್ಫ್ ಕರಗಿ ಕೊಡುವ ತಂಪು, ಅದೇ ಕೂಲರ್ ನೀರನ್ನು ಆವಿ ಮಾಡಿ ಮೂರು-ನಾಲ್ಕು ನಿಮಿಷದಲ್ಲಿ ಕೊಡುವ ತಂಪಿಗೆ ಸಮ. ಆ ಬರ್ಫನ್ನು ಲಿಂಬು ಶರಬತ್ತಿಗೆ ಹಾಕಿಕೊಂಡು ಕುಡಿದರೆ ರೊಕ್ಕ ವಸೂಲಾಗುತ್ತದೆ.

ಬಾಗಿಲು, ಖಿಡಕಿ, ಗಾಳಿಯ ದಾರಿ

ಎಸಿ ಹಚ್ಚಿದಾಗ ಬಾಗಿಲು ಮುಚ್ಚಬೇಕು. ಕೂಲರ್ ಹಚ್ಚಿದಾಗ ತೆರೆಯಬೇಕು. ಇಷ್ಟು ತಿಳಿಯದೆ ಎಷ್ಟೋ ಮನೆಗಳಲ್ಲಿ ಬೇಸಿಗೆ ಪೂರ್ತಿ ಜಗಳ ನಡೆಯುತ್ತದೆ: ಒಬ್ಬರು ತೆರೆಯುವುದು, ಇನ್ನೊಬ್ಬರು "ತಂಪೆಲ್ಲ ಹೊರಗ ಹೋಗ್ತದ" ಎಂದು ಎದ್ದು ಬಂದು ಮುಚ್ಚುವುದು.

ತೆರೆಯುವವರು ಹೇಳುವುದೇ ಸರಿ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಖೋಲಿಯಲ್ಲಿ ಹಿಡಿಯುವುದು 1,200 ಘನ ಅಡಿ ಗಾಳಿ. ನಡುಮಟ್ಟದ ಕೂಲರೊಂದು ನಿಮಿಷಕ್ಕೆ ಸುಮಾರು 1,000 ಘನ ಅಡಿ ಗಾಳಿ ಒಳಗೆ ತಳ್ಳುತ್ತದೆ. ಅಷ್ಟೇ ಗಾಳಿ ಹೊರಗೆ ಹೋಗದಿದ್ದರೆ ಹೊಸದು ಒಳಗೆ ಬರುವುದಾದರೂ ಹೇಗೆ? ಬಾಗಿಲು ಮುಚ್ಚಿದ ಹತ್ತು-ಹದಿನೈದು ನಿಮಿಷ ಹಾಯ್ ಅನ್ನಿಸುತ್ತದೆ. ಆಮೇಲೆ ಹಸಿ ಗಾಳಿ ಖೋಲಿಯಲ್ಲೇ ಕಟ್ಟಿಕೊಂಡು, ಬೆವರು ಆರದೆ, ಹಾಸಿಗೆಯೂ ತಣ್ಣೀರು ಚಿಮುಕಿಸಿದಂತೆ ಆಗಿ ಹೊಟ್ಟೆ ತೊಳಸುವ ಧಗೆ ಶುರುವಾಗುತ್ತದೆ.

ಎಷ್ಟು ತೆರೆಯಬೇಕು? ನಿಮಿಷಕ್ಕೆ 1,000 ಘನ ಅಡಿ ಗಾಳಿಗೆ ಸುಮಾರು 2 ಚದರ ಅಡಿ ಬಾಯಿ ಬೇಕು. ಆರೂವರೆ ಅಡಿ ಎತ್ತರದ ಬಾಗಿಲನ್ನು ನಾಲ್ಕು ಇಂಚು ಸಡಿಲ ಬಿಟ್ಟರೆ ಅಷ್ಟಾಯಿತು. ಗಾಳಿಗೆ ಬಡಿದುಕೊಳ್ಳದಂತೆ ಸಂದಿಗೆ ಮುದ್ದೆ ಮಾಡಿದ ಬಟ್ಟೆಯನ್ನೋ ಕಲ್ಲನ್ನೋ ಕೊಡಿ. ಆ ಸಂದಿಯ ಹತ್ತಿರ ಊದುಬತ್ತಿ ಹಿಡಿದು ನೋಡಿ: ಹೊಗೆ ಸರಾಗವಾಗಿ ಹೊರಗೆ ಎಳೆದುಕೊಂಡು ಹೋಗಬೇಕು. ಅಲ್ಲೇ ಸುತ್ತುತ್ತಿದ್ದರೆ ಕೂಲರಿನಿಂದ ಗಾಳಿಯೇ ಬರುತ್ತಿಲ್ಲ. ಸಂದಿಯಲ್ಲಿ ಸಿಳ್ಳೆ ಹೊಡೆದಂತೆ ಶಬ್ದ ಬಂದರೆ, ಬಾಗಿಲು ತಾನೇ ಧಡಾರನೆ ತೆರೆದುಕೊಂಡರೆ, ಇನ್ನಷ್ಟು ಬಿಡಬೇಕೆಂದು ಅರ್ಥ.

ಹೊರದಾರಿ ಕೂಲರಿನ ಎದುರು ಗೋಡೆಯಲ್ಲಿದ್ದರೆ ಉತ್ತಮ. ಕೂಲರಿನ ಪಕ್ಕದ ಖಿಡಕಿಯನ್ನೇ ತೆರೆದರೆ ತಂಪು ಗಾಳಿ ಅಲ್ಲಿಂದಲ್ಲೇ ಪಾರಾಗುತ್ತದೆ, ಖೋಲಿಯ ಆ ತುದಿಯಲ್ಲಿ ಮಲಗಿದವರಿಗೆ ಏನೂ ಸಿಗುವುದಿಲ್ಲ. ಇದನ್ನೇ ತಿರುಗಿಸಿ ಲಾಭ ಮಾಡಿಕೊಳ್ಳಬಹುದು. ಪಡಸಾಲೆಯಲ್ಲಿ ಕೂಲರ್, ಮಲಗುವ ಖೋಲಿಯ ಹಿಂದಿನ ಖಿಡಕಿ ಒಂದೇ ತೆರೆದದ್ದು, ಉಳಿದದ್ದೆಲ್ಲ ಬಂದ್ — ಆಗ ಗಾಳಿ ಎರಡೂ ಖೋಲಿ ದಾಟಿಯೇ ಹೊರಬೀಳಬೇಕು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಆ ತುದಿಗಿದ್ದರೆ ಹಚ್ಚಿಬಿಡಿ, ಎಳೆತ ಇನ್ನೂ ಸಲೀಸಾಗುತ್ತದೆ.

ಇನ್ನು ಕೂಲರಿನ ಬೆನ್ನು. ಅದು ಹೊರಗಿನ ಒಣ ಗಾಳಿಯನ್ನೇ ಎಳೆಯಬೇಕು. ಖೋಲಿಯ ನಡುವೆ ಇಟ್ಟು ಹಚ್ಚುವ ಪ್ಲಾಸ್ಟಿಕ್ ಕೂಲರ್‌ಗಳ ದೊಡ್ಡ ತಕರಾರು ಇದೇ: ತಾನು ಬಿಟ್ಟ ಹಸಿ ಗಾಳಿಯನ್ನೇ ಮತ್ತೆ ಮತ್ತೆ ನುಂಗುತ್ತದೆ. ಅಂಥದ್ದಿದ್ದರೆ ಬೆನ್ನನ್ನು ತೆರೆದ ಖಿಡಕಿಗೆ ತಾಗಿಸಿ ಇಡಿ. ಖಿಡಕಿಯ ಹೊರಗೆ ಸ್ಟ್ಯಾಂಡಿನ ಮೇಲೆ ಕೂರಿಸಿದ ತಗಡಿನ ಕೂಲರಾದರೆ ಮೂರು ಕಡೆಯೂ ಗೋಡೆಯಿಂದ ಒಂದೂವರೆ-ಎರಡು ಅಡಿ ಜಾಗ ಬಿಡಿ. ಕೂಲರಿಗೂ ಖಿಡಕಿಯ ಚೌಕಟ್ಟಿಗೂ ನಡುವಿನ ಸಂದಿಗಳನ್ನು ಥರ್ಮಾಕೋಲಿನಿಂದಲೋ ಪ್ಲೈವುಡ್ ತುಂಡಿನಿಂದಲೋ ಮುಚ್ಚಿ. ಹಿಂದುಗಡೆ ಸಂಡಾಸಿನ ಹವಾ ಪೈಪ್, ಅಡುಗೆಮನೆಯ ಹೊಗೆ, ಪಕ್ಕದವರ ಎಸಿಯ ಹೊರಗಿನ ಡಬ್ಬಿ ಇರಬಾರದು. ಪಡುವಣ ಗೋಡೆಯೊಂದೇ ಗತಿಯಾದರೆ ಮೇಲೊಂದು ನೆರಳು ಕಟ್ಟಿ, ಆದರೆ ಚಪ್ಪರ ಕೂಲರಿನ ಜಾಳಿಗೆ ಅಂಟಿಕೊಂಡಿರದಿರಲಿ.

ಮೇಲಿನ ಫ್ಯಾನ್ ಹಚ್ಚಬೇಕೋ ಬೇಡವೋ ಎಂಬುದು ಬಗೆಹರಿಯದ ವಾದ. ಬಿಸಿಲಿಗೆ ಕಾದ ಸ್ಲ್ಯಾಬಿನ ಕೆಳಗಿನ ಖೋಲಿಯಲ್ಲಿ, ಸಂಜೆ ಐದರಿಂದ ರಾತ್ರಿ ಹತ್ತರವರೆಗೆ, ಫ್ಯಾನ್ ಜೋರು ಮಾಡಿದರೆ ಮೇಲೆ ನಿಂತ ಬಿಸಿ ಗಾಳಿಯನ್ನು ನಿಮ್ಮ ತಲೆಯ ಮೇಲೇ ಸುರಿಯುತ್ತದೆ. ಆ ಹೊತ್ತಿನಲ್ಲಿ ಬಂದ್ ಇಡುವುದೇ ಮೇಲು. ಕೆಳಮನೆಯಲ್ಲಿ, ಅಥವಾ ಸ್ಲ್ಯಾಬ್ ಆರಿದ ಮೇಲೆ, ಒಂದನೇ ನಂಬರಿನಲ್ಲಿ ತಿರುಗಿದರೆ ಅಡ್ಡಿಯಿಲ್ಲ.

ಘಾಸ್ ಕಟ್ಟುವುದು

ಅಂಗಡಿಯಲ್ಲಿ ಮೂರು ಬಗೆ ಸಿಗುತ್ತವೆ. ಮರದ ಎಳೆಗಳ ಸಾದಾ ಘಾಸ್ ಅಗ್ಗ. ಒಂದು ಹಂಗಾಮಿಗೆ ಮಾತ್ರ. ಜೇನುಗೂಡಿನ ಹಾಗೆ ಕಾಣುವ ಹನಿಕೋಂಬ್ ಹಾಳೆ ತುಟ್ಟಿ; ನೀರು ಚೊಕ್ಕಟ ಇದ್ದರೆ ಎರಡು-ಮೂರು ಹಂಗಾಮು ನಡೆಯುತ್ತದೆ, ಸವಳು ನೀರಾದರೆ ಮೊದಲ ವರ್ಷವೇ ತೂತುಗಳಲ್ಲಿ ಉಪ್ಪು ಕಟ್ಟಿ ಕಲ್ಲಾಗುತ್ತದೆ. ಮೂರನೆಯದು ಖಸ್, ಅಂದರೆ ಲಾವಂಚದ ಬೇರು. ತೊಯ್ದ ಲಾವಂಚದ ಮೇಲಿಂದ ಬರುವ ಮೊದಲ ಸಂಜೆಯ ಗಾಳಿ ಕಲಬುರಗಿ ಬೇಸಿಗೆ ಕೊಡುವ ದೊಡ್ಡ ಸುಖಗಳಲ್ಲಿ ಒಂದು. ಅದಕ್ಕೆ ಯಾವ ಎಸಿಯೂ ಸಾಟಿಯಲ್ಲ. ಆದರೆ ಮೂರೂ ಬದಿಗೆ ಖಸ್ ಕಟ್ಟಿದರೆ ದಟ್ಟವಾಗಿ ಗಾಳಿ ಕಮ್ಮಿಯಾಗುತ್ತದೆ, ಜೇಬಿಗೂ ಭಾರ. ಹಿಂಬದಿಯ ಒಂದು ಜಾಳಿಗೆ ಖಸ್, ಅಕ್ಕಪಕ್ಕಕ್ಕೆ ಸಾದಾ ಘಾಸ್ — ವಾಸನೆಗೆ ಅಷ್ಟು ಸಾಕು.

ಹೊಸ ಘಾಸನ್ನು ತಂದ ದಿನವೇ ಕಟ್ಟಬೇಡಿ. ಬಕೆಟ್ಟಿನಲ್ಲಿ ಒಂದು ರಾತ್ರಿ ನೆನೆಹಾಕಿ. ಚಹಾದಂಥ ಕಂದು ನೀರು ಬಿಡುತ್ತದೆ. ಅದನ್ನು ಚೆಲ್ಲಿ ಇನ್ನೊಂದೆರಡು ಸಲ ಹಿಂಡಿ ತೆಗೆಯಿರಿ. ಹಾಗೆ ಮಾಡದಿದ್ದರೆ ಆ ಬಣ್ಣವೆಲ್ಲ ಟಾಕಿಗೆ ಇಳಿದು, ಮೊದಲ ವಾರ ಖೋಲಿ ಕಟ್ಟಿಗೆ ಅಡ್ಡೆಯ ಹಾಗೆ ನಾರುತ್ತದೆ.

ಹಳೆಯ ಘಾಸನ್ನು ಪೂರ್ತಿ ಕಿತ್ತು ಎಸೆಯಿರಿ. ಅದರ ಮೇಲೆಯೇ ಹೊಸದನ್ನು ಹೊದಿಸುವುದು ಉಳಿತಾಯವಲ್ಲ. ಒಳಗಿನ ಉಪ್ಪಿನ ಪದರ ಗಾಳಿಯನ್ನು ತಡೆಯುತ್ತದೆ. ಜಾಳಿಯನ್ನು ತಂತಿ ಬ್ರಷ್‌ನಿಂದ ಉಜ್ಜಿ. ಘಾಸನ್ನು ಎಳೆ ಎಳೆಯಾಗಿ ಬಿಡಿಸಿ, ಒಂದು ಪದರ ಅಡ್ಡ, ಒಂದು ಪದರ ಉದ್ದ ಹರಡಿ. ಅಂಗೈಯಿಂದ ಒತ್ತಿದಾಗ ದಪ್ಪ ಒಂದರಿಂದ ಒಂದೂವರೆ ಇಂಚು ಇರಲಿ. ಆಮೇಲೆ ಜಾಳಿಯನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡಿ: ಬೆಳಕು ಎಲ್ಲ ಕಡೆ ಮಬ್ಬಾಗಿ ಸೋರಬೇಕು, ಎಲ್ಲಿಯೂ ಸೂರ್ಯ ನೇರವಾಗಿ ಕಣ್ಣಿಗೆ ಹೊಡೆಯಬಾರದು. ನೇರ ಬೆಳಕು ಬಂದ ಕಡೆ ತೂತು, ಕತ್ತಲಾದ ಕಡೆ ಗಂಟು. ಗಾಳಿ ಸೋಮಾರಿ, ಸುಲಭದ ದಾರಿಯನ್ನೇ ಹುಡುಕುತ್ತದೆ. ಅಂಗೈಯಗಲದ ತೂತು ಸಿಕ್ಕರೆ ತೊಯ್ದ ಘಾಸನ್ನೆಲ್ಲ ಬಿಟ್ಟು ಅಲ್ಲಿಂದಲೇ ಬಿಸಿ ಗಾಳಿ ನುಗ್ಗುತ್ತದೆ.

ಎಲ್ಲರೂ ಮರೆಯುವ ಕೆಲಸವೊಂದಿದೆ. ಕಟ್ಟಿದ ಎರಡು-ಮೂರು ದಿನಕ್ಕೆ ತೊಯ್ದ ಘಾಸ್ ತನ್ನ ಭಾರಕ್ಕೇ ಕುಸಿದು, ಮೇಲ್ತುದಿಯಲ್ಲಿ ಒಂದೆರಡು ಇಂಚು ಖಾಲಿ ಬೀಳುತ್ತದೆ. "ಮೊದಲ ದಿನ ಬರ್ಫಿನಂಗ ಇತ್ತು, ಈಗ ಏನೂ ಇಲ್ಲ" ಎನ್ನುವ ದೂರಿನ ಹಿಂದೆ ಬಹಳ ಸಲ ಇರುವುದು ಈ ಖಾಲಿ ಜಾಗವೇ. ಒಂದು ಮುಷ್ಟಿ ಘಾಸ್ ತೆಗೆದಿಟ್ಟುಕೊಂಡಿದ್ದು ಮೂರನೇ ದಿನ ಮೇಲಿನಿಂದ ತುಂಬಿಬಿಡಿ.

ಕಟ್ಟಿದ ಮೇಲೆ ನೀರು ಎಲ್ಲ ಕಡೆ ಸಮ ಇಳಿಯುತ್ತಿದೆಯೇ ನೋಡಬೇಕು. ಕೂಲರ್ ವಾಲಿದ್ದರೆ ನೀರೆಲ್ಲ ಒಂದೇ ಬದಿಗೆ ಹರಿಯುತ್ತದೆ. ಅರ್ಧ ನೀರು ತುಂಬಿದ ಬಾಟಲಿಯನ್ನು ಕೂಲರಿನ ತಲೆಯ ಮೇಲೆ ಅಡ್ಡ ಮಲಗಿಸಿದರೆ ವಾಲಿಕೆ ಗೊತ್ತಾಗುತ್ತದೆ. ಕಾಲಿನ ಕೆಳಗೆ ಶಹಾಬಾದ್ ಕಲ್ಲಿನ ಚಿಕ್ಕ ಚೂರು ಇಟ್ಟು ಸರಿಮಾಡಿ. ಮೇಲಿನ ನಾಳಿಯ ತೂತುಗಳನ್ನು ದಬ್ಬಣದಿಂದ ಬಿಡಿಸಿ. ಬಳಸುವಾಗ ಮೊದಲು ಪಂಪು ಮಾತ್ರ ಹಚ್ಚಿ, ಐದರಿಂದ ಹತ್ತು ನಿಮಿಷ ಘಾಸ್ ತೊಯ್ಯಲು ಬಿಟ್ಟು, ಆಮೇಲೆ ಫ್ಯಾನ್.

ಸವಳು ನೀರಿನ ಕಾಟ

ನಳದ ನೀರು ಬಂದ ದಿನ ಕೂಲರಿಗೆ ಅದೇ ಹಾಕಿ ಎಂದು ಹೇಳುವುದು ಸುಲಭ. ಬೇಸಿಗೆಯಲ್ಲಿ ನಳದ ನೀರು ಕುಡಿಯಲು ಸಾಲುವುದೇ ಹೆಚ್ಚು, ಕೂಲರಿಗೆ ಬೋರಿನ ಸವಳು ನೀರೇ ಗತಿ. ಆವಿಯಾಗುವುದು ನೀರು ಮಾತ್ರ, ಉಪ್ಪು ಹಿಂದೆ ಉಳಿಯುತ್ತದೆ. ಲೀಟರಿಗೆ 1 ಗ್ರಾಂ ಲವಣ ಇರುವ ನೀರು ದಿನಕ್ಕೆ 100 ಲೀಟರ್ ಆವಿಯಾದರೆ ಘಾಸು, ಪಂಪು, ಟಾಕಿಗಳಲ್ಲಿ 100 ಗ್ರಾಂ ಬಿಳಿ ಉಪ್ಪು ಉಳಿಯಿತು. ತಿಂಗಳಿಗೆ ಮೂರು ಕಿಲೋ!

ಅದಕ್ಕೇ ದಿನಾ ರಾತ್ರಿಯೋ ಬೆಳಿಗ್ಗೆಯೋ ತಳದ ಬೂಚು ತೆಗೆದು ಉಳಿದ ಹತ್ತು-ಹದಿನೈದು ಲೀಟರನ್ನು ಚೆಲ್ಲಲೇಬೇಕು. ಹಳೆಯದರ ಮೇಲೆಯೇ ಹೊಸದು ಸುರಿಯುತ್ತಾ ಹೋದರೆ ದಿನದಿಂದ ದಿನಕ್ಕೆ ನೀರು ಮಂದವಾಗುತ್ತದೆ. ಚೆಲ್ಲುವ ನೀರನ್ನು ಸಂಡಾಸಿಗೆ ಬಳಸಿ. ತುಳಸಿ ಕಟ್ಟೆಗೂ ಕುಂಡಕ್ಕೂ ಹಾಕಬೇಡಿ, ಆ ಉಪ್ಪಿಗೆ ಗಿಡ ಸುಡುತ್ತದೆ.

ಪಂಪಿಗೆ ಉಪ್ಪು ಹಿಡಿದರೆ 5 ಲೀಟರ್ ಉಗುರುಬೆಚ್ಚಗಿನ ನೀರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಕಲಸಿ ಒಂದು ತಾಸು ಮುಳುಗಿಸಿಡಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಸಂಡಾಸು ತೊಳೆಯುವ ಆ್ಯಸಿಡ್ ಹಾಕಿದರೆ ಉಪ್ಪಿನ ಜೊತೆ ತಗಡಿನ ಮೇಲಿನ ಸತುವಿನ ಲೇಪವೂ ಹೋಗಿ, ಮುಂದಿನ ವರ್ಷಕ್ಕೆ ಟಾಕಿ ಜರಡಿಯಾಗುತ್ತದೆ. ಸಣ್ಣ ತೂತು ಬಿದ್ದಿದ್ದರೆ ಜಂಗು ಕೆರೆದು, ಪೂರ್ತಿ ಒಣಗಿಸಿ ಎಂ-ಸೀಲ್ ಹಚ್ಚಿ. ಒಂದು ದಿನ ಬಿಟ್ಟು ನೀರು ತುಂಬಿ.

ಪಂಪು, ಮೋಟಾರು

ಪಂಪು ಗುಂಯ್ ಎನ್ನುತ್ತದೆ, ನೀರು ಏರುವುದಿಲ್ಲ. ವೈರು ಕಿತ್ತು, ಮುಂದಿನ ಮುಚ್ಚಳ ಎಳೆದು ನೋಡಿ: ಒಳಗಿನ ಚಿಕ್ಕ ಚಕ್ರಕ್ಕೆ ಘಾಸಿನ ಎಳೆಯೋ ಕೂದಲೋ ಸುತ್ತಿಕೊಂಡಿರುತ್ತದೆ. ಪಂಪಿಗೆ ತೆಳು ಸೊಳ್ಳೆಪರದೆ ಬಟ್ಟೆ ಸುತ್ತಿಟ್ಟರೆ ಈ ತಾಪತ್ರಯವೇ ಇಲ್ಲ. ನೀರಿಲ್ಲದೆ ಒಣ ಓಡಿದರೆ ಪಂಪು ಸುಡುತ್ತದೆ. ರಾತ್ರಿ ಪಂಪುಗಳು ಸಾಯುವುದು ಹೀಗೆಯೇ, ಮಲಗುವಾಗ ಟಾಕಿ ಅರ್ಧ ಇರುತ್ತದೆ, ಮೂರು ಗಂಟೆಗೆ ತೀರುತ್ತದೆ.

ಫ್ಯಾನ್ ಮೋಟಾರು ಗುಂಯ್ ಎಂದು ತಿರುಗದಿದ್ದರೆ ಬಂದ್ ಮಾಡಿ, ವೈರು ಕಿತ್ತು, ಕೈಯಿಂದ ರೆಕ್ಕೆ ತಿರುಗಿಸಿ. ಸಲೀಸಾಗಿ ತಿರುಗಿದರೆ ತಪ್ಪು ಬಹುತೇಕ ಕೆಪಾಸಿಟರಿನದು. ಹಳೆಯದರ ಮೇಲೆ ಬರೆದ ಅಂಕಿಯದ್ದೇ ಹೊಸದು ಹಾಕಿಸಿ. "ದೊಡ್ಡದು ಹಾಕಿದ್ರ ಸ್ಪೀಡ್ ಬರ್ತದ" ಎನ್ನುವ ಮಾತು ನಂಬಿದರೆ ಮೋಟಾರು ಕಾಯ್ದು ವೈಂಡಿಂಗ್ ಸುಡುತ್ತದೆ. ಬಿಗಿಯಾಗಿದ್ದರೆ ಬುಶ್ ಒಣಗಿದೆ, ಹೊಲಿಗೆ ಮಷಿನ್ ಎಣ್ಣೆ ಎರಡು-ಮೂರು ಹನಿ ಸಾಕು. ಗಡಗಡ ಅಲುಗಾಡಿದರೆ ರೆಕ್ಕೆಯ ಮೇಲಿನ ಧೂಳು ಒರೆಸಿ ನೋಡಿ; ಒಂದು ರೆಕ್ಕೆಗೆ ಮಣ್ಣು ಮೆತ್ತಿಕೊಂಡರೂ ಇಡೀ ಸ್ಟ್ಯಾಂಡ್ ಕುಣಿಯುತ್ತದೆ. ವೈಂಡಿಂಗ್ ಮಾಡಿಸಿ ತಂದ ಮೇಲೆ ಗಾಳಿಯೇ ಇಲ್ಲ ಅನ್ನಿಸಿದರೆ ಮೋಟಾರು ಉಲ್ಟಾ ತಿರುಗುತ್ತಿರಬಹುದು. ಇದು ಅಪರೂಪವಲ್ಲ. ಜಾಳಿಯ ಹೊರಗೆ ಕಾಗದದ ಚೂರು ಹಿಡಿಯಿರಿ. ಅದು ಜಾಳಿಗೆ ಅಂಟಿಕೊಳ್ಳಬೇಕು.

ಶಾಕ್: ಇಲ್ಲಿ ಸಡಿಲ ಬಿಡುವಂತಿಲ್ಲ

ತಗಡಿನ ಮೈ, ಒಳಗೆ ನೀರು, ನೀರಿನೊಳಗೆ ಕರೆಂಟಿನ ಪಂಪು, ಹೊರಗೆ ಒದ್ದೆ ಶಹಾಬಾದ್ ಕಲ್ಲಿನ ನೆಲದ ಮೇಲೆ ಬರಿಗಾಲು. ಇವೆಲ್ಲ ಒಂದೇ ಕಡೆ ಸೇರುವ ಸಾಮಾನು ಮನೆಯಲ್ಲಿ ಇನ್ನೊಂದಿಲ್ಲ. "ಸ್ವಲ್ಪ ಝುಂ ಅಂತದ, ಏನಾಗಲ್ಲ" ಎನ್ನುವ ಕೂಲರನ್ನು ಆ ಕ್ಷಣವೇ ಬಂದ್ ಮಾಡಬೇಕು. ಇವತ್ತು ಒಣ ಕೈಗೆ ಝುಂ ಎಂದದ್ದು ನಾಳೆ ಒದ್ದೆ ಕೈಗೆ ಜೀವ ತೆಗೆಯಬಲ್ಲದು.

ಕೂಲರಿಗೆ ಮೂರು ಎಳೆಯ ಕೇಬಲ್, ಮೂರು ಕಾಲಿನ ಪಿನ್ ಇರಲೇಬೇಕು. ಮೂರನೆಯ ಎಳೆ, ಅರ್ಥಿಂಗ್, ಕೂಲರಿನ ಮೈಗೆ ಸ್ಕ್ರೂ ಹಾಕಿ ಬಿಗಿದಿರಬೇಕು. ಬಣ್ಣದ ಮೇಲೆ ಬಿಗಿದರೆ ಉಪಯೋಗವಿಲ್ಲ, ಕೆರೆದು ಲೋಹ ಕಾಣಿಸಿ ಬಿಗಿಯಿರಿ. ಗೋಡೆಯ ಸಾಕೆಟ್ಟಿನಲ್ಲಿ ಮೂರನೇ ತೂತು ಇದ್ದ ಮಾತ್ರಕ್ಕೆ ಹಿಂದೆ ಅರ್ಥಿಂಗ್ ಇದೆ ಎಂದಲ್ಲ. ಹಳೆಯ ಮನೆಗಳಲ್ಲಿ ಎಷ್ಟೋ ಕಡೆ ಅದು ಬರೀ ತೂತು. ಹಂಗಾಮಿಗೊಮ್ಮೆ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ, ಅದೇ ಕೈಲಿ ಮೇನ್ ಬೋರ್ಡಿಗೆ, ಕರೆಂಟ್ ಸೋರಿದ ಕೂಡಲೇ ತಾನೇ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಮನೆಯಲ್ಲಿ ಎಂಸಿಬಿ ಇದೆಯಲ್ಲ ಎಂದು ನಿಶ್ಚಿಂತೆ ಬೇಡ. ಎಂಸಿಬಿ ವೈರು ಸುಡದಂತೆ ಕಾಯುತ್ತದೆ, ಮನುಷ್ಯನನ್ನಲ್ಲ.

ಪಂಪಿನ ವೈರಿಗೆ ಜೋಡಣೆ ಇದ್ದರೆ ಅದು ನೀರಿನ ಮಟ್ಟಕ್ಕಿಂತ ಮೇಲೆ, ಹನಿ ಬೀಳದ ಕಡೆ ಇರಲಿ. ಗೋಡೆಗೆ ಹೋಗುವ ಕೇಬಲ್ ಸಾಕೆಟ್ಟಿಗಿಂತ ಕೆಳಗೆ ಒಂದು ಸುತ್ತು ಜೋತುಬಿದ್ದಿರಲಿ, ಆಗ ವೈರಿನ ಮೇಲೆ ಹರಿದ ನೀರು ಸಾಕೆಟ್ಟಿಗೆ ಹೋಗದೆ ಅಲ್ಲೇ ತೊಟ್ಟಿಕ್ಕುತ್ತದೆ. ನೀರು ತುಂಬುವ ಮುಂಚೆ ಬಟನ್ ಒತ್ತಿ ಬಂದ್ ಮಾಡಿದರೆ ಸಾಲದು, ಪಿನ್ ಕಿತ್ತಿಡಿ. ವೈರಿಂಗ್ ಉಲ್ಟಾ ಇದ್ದರೆ ಬಟನ್ ಬಂದ್ ಆದರೂ ಒಳಗೆ ಕರೆಂಟ್ ಇರುತ್ತದೆ. ಕಾಲಿಗೆ ಒಣ ರಬ್ಬರ್ ಚಪ್ಪಲಿ. ಮಕ್ಕಳ ಕೈಲಿ ಪೈಪ್ ಕೊಟ್ಟು "ನೀರು ಬಿಡು" ಎನ್ನಬೇಡಿ. ಯಾರಾದರೂ ಕೂಲರಿಗೆ ಅಂಟಿಕೊಂಡರೆ ಅವರನ್ನು ಮುಟ್ಟದೆ ಮೇನ್ ಬಂದ್ ಮಾಡಿ. ಮೇನ್ ದೂರವಿದ್ದರೆ ಒಣ ಕಟ್ಟಿಗೆಯಿಂದ ದೂಡಿ ಬಿಡಿಸಿ.

ನಾತ, ಸೊಳ್ಳೆ

ಮೀನು ಮಾರ್ಕೆಟ್ಟಿನ ನಾತ ಬಂದರೆ ನೀರಿಗೆ ಫಿನೈಲ್, ಡೆಟಾಲ್, ಕರ್ಪೂರ ಹಾಕುವುದು ರೂಢಿ. ಹಾಕಿದ್ದೆಲ್ಲ ಗಾಳಿಯಲ್ಲಿ ನಿಮ್ಮ ಎದೆಗೇ ಬರುತ್ತದೆ, ದಮ್ಮು ಇದ್ದವರಿಗೆ ರಾತ್ರಿಯಿಡೀ ಕೆಮ್ಮು. ಬೇವಿನ ಎಲೆ ಹಾಕಿದರೆ ಪಂಪಿಗೆ ಸಿಕ್ಕಿಕೊಳ್ಳುತ್ತದೆ, ಅಷ್ಟೇ. ನಾತ ಹುಟ್ಟುವುದು ಯಾವತ್ತೂ ಒಣಗದ ಘಾಸಿನಲ್ಲಿ. ಬೆಳಿಗ್ಗೆ ಬಂದ್ ಮಾಡುವ ಹದಿನೈದು ನಿಮಿಷ ಮುಂಚೆ ಪಂಪು ನಿಲ್ಲಿಸಿ ಫ್ಯಾನ್ ಮಾತ್ರ ಓಡಿಸಿ, ಘಾಸ್ ಆರುತ್ತದೆ. ಅಷ್ಟಾದರೂ ಹೋಗದಿದ್ದರೆ ಜಾಳಿಗಳನ್ನು ಬಿಚ್ಚಿ ಒಂದು ಮಧ್ಯಾಹ್ನ ಮಾಳಿಗೆಯ ಬಿಸಿಲಿಗಿಡಿ. ಇಲ್ಲಿಯ ಬಿಸಿಲಿಗೆ ತಡೆಯುವ ನಾತ ಇಲ್ಲ.

ಡೆಂಗಿ ಸೊಳ್ಳೆ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಬೇಸಿಗೆಯಲ್ಲಿ ಏಳರಿಂದ ಹತ್ತು ದಿನ ಸಾಕು. ವಾರಕ್ಕೊಮ್ಮೆ ಟಾಕಿ ಪೂರ್ತಿ ಖಾಲಿ ಮಾಡಿ ಒಣಗಿಸಿ. ಬರೀ ಚೆಲ್ಲಿದರೆ ಆಗದು. ಮೊಟ್ಟೆಗಳು ನೀರಿನ ಅಂಚಿನ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿಯೂ ಬದುಕುತ್ತವೆ. ತೆಂಗಿನ ನಾರಿನಿಂದಲೋ ಬ್ರಷ್‌ನಿಂದಲೋ ಗೋಡೆ ಉಜ್ಜಬೇಕು.

ಕರೆಂಟು, ರೊಟ್ಟಿ, ಪಕ್ಕದ ಮನೆ

ಫ್ಯಾನು, ಪಂಪು ಸೇರಿ 200 ವಾಟ್ ಹಿಡಿದರೆ ಹತ್ತು ತಾಸಿಗೆ 2 ಯೂನಿಟ್, ತಿಂಗಳಿಗೆ 60. ಒಂದೂವರೆ ಟನ್ ಎಸಿ ಹತ್ತು ತಾಸಿಗೆ ಸುಮಾರು 10 ಯೂನಿಟ್ ತಿನ್ನುತ್ತದೆ. ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲು ಕಟ್ಟಬೇಕು, ಹಾಗಾಗಿ ಎಸಿಯೊಂದೇ ಆ ಗೆರೆ ದಾಟಿಸಲು ಸಾಕು. ಏಪ್ರಿಲ್-ಮೇಗೆ ಕೂಲರ್, ಮಳೆ ಶುರುವಾಗಿಯೂ ಧಗೆ ಇಳಿಯದ ಹದಿನೈದು-ಇಪ್ಪತ್ತು ದಿನಕ್ಕೆ ಎಸಿ — ಎರಡೂ ಇದ್ದವರಿಗೆ ಇದೇ ಸರಿಯಾದ ಹಂಚಿಕೆ.

ಕರೆಂಟ್ ಹೋಗುವ ಓಣಿಯಾದರೆ 150 ಎಎಚ್ ಬ್ಯಾಟರಿಯ ಇನ್ವರ್ಟರ್ ಒಂದು ಕೂಲರನ್ನು ಐದಾರು ತಾಸು ಎಳೆಯಬಲ್ಲದು, ಬೇರೆ ಏನೂ ಹಚ್ಚದಿದ್ದರೆ. ಸಾದಾ ಸ್ಕ್ವೇರ್ ವೇವ್ ಇನ್ವರ್ಟರಿನ ಮೇಲೆ ಮೋಟಾರು ಗೊರಗೊರ ಎಂದು ಬಿಸಿಯಾಗುತ್ತದೆ. ಕೊಳ್ಳುವುದಾದರೆ ಸೈನ್ ವೇವ್ ಕೊಳ್ಳಿ. ಹೊಸ ಕೂಲರ್ ಕೊಳ್ಳುವಾಗ ಖೋಲಿಯ ಉದ್ದ, ಅಗಲ, ಎತ್ತರ ಅಡಿಯಲ್ಲಿ ಗುಣಿಸಿ ಎರಡರಿಂದ ಭಾಗಿಸಿ. ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ ಬೇಕು. ಡಬ್ಬಿಯ ಮೇಲಿನ ಅಂಕಿಯನ್ನು ಮುಕ್ಕಾಲಿಗೆ ಹಿಡಿಯುವುದು ಜಾಣತನ. ಅಂಕಿ ತಾಸಿಗೆ ಘನ ಮೀಟರ್ ಎಂದಿದ್ದರೆ 1.7ರಿಂದ ಭಾಗಿಸಿ.

ಕೂಲರ್ ಗಾಳಿ ಆಡುವ ಖೋಲಿಯಲ್ಲಿ ಕಡಕ್ ರೊಟ್ಟಿಯ ಬುಟ್ಟಿ ಇಡಬೇಡಿ. ಒಂದೇ ರಾತ್ರಿಗೆ ಮೆತ್ತಗಾಗಿ ಹಲ್ಲಿಗೆ ಅಂಟುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ತುಂಬಿ, ಹಪ್ಪಳ, ಸಂಡಿಗೆ, ಶೇಂಗಾ ಹಿಂಡಿಯನ್ನೂ ಅದರ ಜೊತೆಗೇ ಅಡುಗೆಮನೆಗೆ ಸಾಗಿಸಿ. ವಯಸ್ಸಾದವರ ಮಂಡಿಗೆ, ಕೂಸಿನ ತಲೆಗೆ ಗಾಳಿ ನೇರ ಬೀಳದಂತೆ ಮುಂದಿನ ಪಟ್ಟಿಗಳನ್ನು ಮೇಲಕ್ಕೆ ತಿರುಗಿಸಿ.

ಪಕ್ಕದ ಮನೆಯವರ ಜೊತೆ ಬೇಸಿಗೆಯಲ್ಲಿ ಮಾತು ನಿಲ್ಲುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ: ಓಣಿಗೆ ತೊಟ್ಟಿಕ್ಕುವ ನೀರು, ನಟ್ಟು ಸಡಿಲಾಗಿ ರಾತ್ರಿಯಿಡೀ ಬಡಿಯುವ ತಗಡು. ಮೊದಲನೆಯದಕ್ಕೆ ಮೋರಿವರೆಗೆ ಒಂದು ಪೈಪ್, ಎರಡನೆಯದಕ್ಕೆ ಪಾನಾ ಹಿಡಿದು ಐದು ನಿಮಿಷ. ಸ್ಟ್ಯಾಂಡಿನ ಕಾಲುಗಳಿಗೆ ಹಳೆಯ ಟೈರಿನ ತುಂಡು ಕೊಟ್ಟರೆ ಗೋಡೆಯಾಚೆಗೆ ಗದಗದ ಹೋಗುವುದಿಲ್ಲ.

ಮಿರಗದ ಮಳೆ ಹಿಡಿದ ಮೇಲೆ

ಜೂನ್ ಎರಡನೇ ವಾರ ಮಿರಗ ಕೂಡಿ, ನಾಲ್ಕು ಹದ ಮಳೆ ಬಿದ್ದು ನೆಲ ತಣ್ಣಗಾದ ಮೇಲೆ ಕೂಲರ್ ಬಿಚ್ಚಿ. ಸಾದಾ ಘಾಸ್ ಕಿತ್ತು ಎಸೆಯಿರಿ. ಖಸ್ ಮತ್ತು ಹನಿಕೋಂಬ್ ಹಾಳೆಗಳನ್ನು ತೊಳೆದು ಎರಡು ದಿನ ಪೂರ್ತಿ ಒಣಗಿಸಿ ಗೋಣಿಚೀಲದಲ್ಲಿ ಕಟ್ಟಿಡಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ಟಾಕಿಯ ಗೋಡೆ ಕೊನೆಯ ಸಲ ಉಜ್ಜಿ, ಜಂಗು ಕಂಡಲ್ಲಿ ರೆಡ್ ಆಕ್ಸೈಡ್ ಹಚ್ಚಿ. ಪಂಪನ್ನು ಒಳ್ಳೆಯ ನೀರಿನಲ್ಲಿ ಎರಡು ನಿಮಿಷ ಓಡಿಸಿ, ಒರೆಸಿ, ಬೇರೆ ಎತ್ತಿಡಿ. ಕೊನೆಗೆ ಒಂದು ಮಾರ್ಕರ್ ತೆಗೆದುಕೊಂಡು ಕೂಲರಿನ ಒಳಮೈಯಲ್ಲಿ ಕೆಪಾಸಿಟರಿನ ಅಂಕಿ, ಜಾಳಿಯ ಉದ್ದ-ಅಗಲ, ಪಂಪಿನ ವಾಟ್ ಬರೆದಿಡಿ. ಮಾರ್ಚಿನಲ್ಲಿ ಅಂಗಡಿಯವರು ಮೊದಲು ಕೇಳುವುದು ಇವನ್ನೇ.